ನೇಟಿವ್ ಕೋಡ್‌ನಲ್ಲಿ ಜಾವಾ ಆಬ್ಜೆಕ್ಟ್: ಹಿಡಿಯುವುದು ಹೇಗೆ, ಬಿಡುವುದು ಯಾವಾಗ

ಜಾವಾದಲ್ಲಿ ಕೋಡ್ ಬರೆಯುವಾಗ ಆಬ್ಜೆಕ್ಟ್ ಯಾವಾಗ ಹೋಗುತ್ತದೆ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗಾರ್ಬೇಜ್ ಕಲೆಕ್ಟರ್ ನೋಡಿಕೊಳ್ಳುತ್ತದೆ. ಸಿ ಅಥವಾ ಸಿ++ನಲ್ಲಿ ಪೂರ್ತಿ ಉಲ್ಟಾ, ಎಲ್ಲವೂ ನಮ್ಮ ತಲೆ ಮೇಲೆ. ಜಾವಾ ಮತ್ತು ಸಿ ಕೋಡ್ ಒಂದನ್ನೊಂದು ಕರೆಯಲು ಇರುವ ಸೇತುವೆ ಜೆಎನ್‌ಐ (ಜಾವಾ ನೇಟಿವ್ ಇಂಟರ್‌ಫೇಸ್). ಅದು ಈ ಎರಡನ್ನೂ ಒಂದೇ ಪ್ರೋಗ್ರಾಮ್‌ನಲ್ಲಿ ಕೂರಿಸುತ್ತದೆ. ಆಬ್ಜೆಕ್ಟ್ ಇರುವುದು ಜಾವಾ ಹೀಪ್‌ನಲ್ಲಿ (ಜಾವಾ ಆಬ್ಜೆಕ್ಟ್‌ಗಳನ್ನು ಇಡುವ ಮೆಮೊರಿ), ಅದನ್ನು ಬಳಸುವುದು ಸಿ ಕೋಡ್. ಇದು ಇನ್ನೂ ಬೇಕಾ ಬೇಡವಾ ಅಂತ ಕಲೆಕ್ಟರ್‌ಗೆ ಯಾರು ಹೇಳಬೇಕು?

ಹೇಳಬೇಕಾದವರು ನಾವೇ. ಹಾಗಾಗಿ ನೇಟಿವ್ ಕೋಡ್‌ನಲ್ಲಿ, ಅಂದರೆ ಈ ಸಿ ಅಥವಾ ಸಿ++ ಭಾಗದಲ್ಲಿ, ಪ್ರತಿ ರೆಫರೆನ್ಸ್ (ಆಬ್ಜೆಕ್ಟನ್ನು ಸೂಚಿಸುವ ಬೆಲೆ) ಕಂಡಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಯಾರು ಬಿಡುತ್ತಾರೆ, ಯಾವಾಗ ಬಿಡುತ್ತಾರೆ? ಉತ್ತರ ತಟ್ಟನೆ ಹೊಳೆಯದಿದ್ದರೆ ಆ ಸಾಲಿನಲ್ಲಿ ಬಗ್ ಇದೆ ಅಂತಲೇ ನಾನು ಅಂದುಕೊಳ್ಳುತ್ತೇನೆ.

ಇಲ್ಲಿ ಮುಖ್ಯವಾಗಿ ಜಾವಾ ಮತ್ತು ಆಂಡ್ರಾಯ್ಡ್ ಬಗ್ಗೆ ಹೇಳುತ್ತೇನೆ. ಬೇರೆ ವರ್ಚುವಲ್ ಮೆಷಿನ್‌ಗಳ (ವಿಎಂ, ಅಂದರೆ ಪ್ರೋಗ್ರಾಮನ್ನು ಓಡಿಸುವ ವ್ಯವಸ್ಥೆ) ಮಾತು ಕೊನೆಯ ಹತ್ತಿರ ಸ್ವಲ್ಪ ಬರುತ್ತದೆ.

ಮೊದಲು: ಕೈಗೆ ಬರುವುದು ಆಬ್ಜೆಕ್ಟ್‌ನ ವಿಳಾಸ ಅಲ್ಲ

ನೇಟಿವ್ ಫಂಕ್ಷನ್‌ಗೆ ಬರುವ ಜೆಆಬ್ಜೆಕ್ಟ್ (ಜಾವಾ ಆಬ್ಜೆಕ್ಟ್‌ಗೆ ಜೆಎನ್‌ಐ ಕೊಡುವ ರೆಫರೆನ್ಸ್) ನೋಡುವುದಕ್ಕೆ ಪಾಯಿಂಟರ್ ಥರವೇ ಇರುತ್ತದೆ. ಆದರೆ ಅದು ಆಬ್ಜೆಕ್ಟ್ ಇರುವ ಜಾಗವನ್ನು ತೋರಿಸುವುದಿಲ್ಲ. ಲಗೇಜ್ ಕೌಂಟರ್‌ನಲ್ಲಿ ಕೊಡುವ ಟೋಕನ್ ಇದ್ದ ಹಾಗೆ ಅದು. ಬ್ಯಾಗನ್ನು ಒಳಗೆ ಯಾವ ರ‍್ಯಾಕ್‌ಗೆ ಎತ್ತಿಟ್ಟರೂ ನಿಮ್ಮ ಟೋಕನ್ ಬದಲಾಗುವುದಿಲ್ಲ.

ಇಷ್ಟು ಸುತ್ತು ಯಾಕೆ ಅಂದರೆ, ಇವತ್ತಿನ ಕಲೆಕ್ಟರ್‌ಗಳು ಆಬ್ಜೆಕ್ಟ್‌ಗಳನ್ನು ಹೀಪ್‌ನಲ್ಲಿ ಆ ಕಡೆ ಈ ಕಡೆ ಸರಿಸುತ್ತವೆ. ಜಾವಾ ಕೋಡ್‌ನಲ್ಲಿ ಯಾವ ವೇರಿಯಬಲ್ ಯಾವ ಆಬ್ಜೆಕ್ಟನ್ನು ತೋರಿಸುತ್ತಿದೆ ಅಂತ ವಿಎಂಗೆ ಗೊತ್ತು, ಸರಿಸಿದ ಮೇಲೆ ಅಲ್ಲೆಲ್ಲ ಹೊಸ ವಿಳಾಸ ಬರೆಯುತ್ತದೆ. ಸಿ ಕಂಪೈಲರ್ ಯಾವ ರಿಜಿಸ್ಟರ್‌ನಲ್ಲಿ ಏನು ಇಟ್ಟಿದೆ ಅನ್ನುವುದು ವಿಎಂಗೆ ಗೊತ್ತಾಗುವ ದಾರಿಯೇ ಇಲ್ಲ. ಅದಕ್ಕೇ ನಡುವೆ ಒಂದು ಟೇಬಲ್. ಡೆಸ್ಕ್‌ಟಾಪ್, ಸರ್ವರ್ ಜಾವಾದಲ್ಲಿ ಸಾಮಾನ್ಯವಾಗಿ ಇರುವ ವಿಎಂ ಹಾಟ್‌ಸ್ಪಾಟ್. ಅದರಲ್ಲಿ ನಿಮ್ಮ ಕೈಯಲ್ಲಿರುವುದು ಈ ಟೇಬಲ್‌ನ ಒಂದು ಸ್ಲಾಟ್‌ನ ವಿಳಾಸ. ಆಬ್ಜೆಕ್ಟ್‌ನ ನಿಜವಾದ ವಿಳಾಸ ಸ್ಲಾಟ್‌ನ ಒಳಗಿರುತ್ತದೆ. ಆಬ್ಜೆಕ್ಟ್ ಸರಿದರೆ ಕಲೆಕ್ಟರ್ ಸ್ಲಾಟ್‌ನ ಒಳಗಿನದನ್ನು ತಿದ್ದುತ್ತದೆ, ನಿಮ್ಮ ಕೈಯಲ್ಲಿರುವುದು ಹಾಗೇ ಉಳಿಯುತ್ತದೆ.

ಇದರಿಂದ ಇನ್ನೊಂದು ಲಾಭವೂ ಇದೆ. ಥ್ರೆಡ್ ನೇಟಿವ್ ಕೋಡ್ ಓಡಿಸುತ್ತಿರುವಾಗ ಕಲೆಕ್ಟರ್ ಅದಕ್ಕಾಗಿ ಕಾಯಬೇಕಿಲ್ಲ. ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಥ್ರೆಡ್ ಯಾವುದಾದರೂ ಜೆಎನ್‌ಐ ಫಂಕ್ಷನ್ ಕರೆದಾಗ ಅಥವಾ ಜಾವಾಗೆ ವಾಪಸ್ ಹೊರಟಾಗ, ಬೇಕಿದ್ದರೆ, ಬಾಗಿಲಲ್ಲೇ ನಿಲ್ಲಿಸುತ್ತದೆ.

ಆಂಡ್ರಾಯ್ಡ್‌ನ ಹಳೆಯ ವಿಎಂ ಡಾಲ್ವಿಕ್‌ನಲ್ಲಿ ಈ ಟೇಬಲ್ ಇರಲಿಲ್ಲ, ನೇರವಾಗಿ ಆಬ್ಜೆಕ್ಟ್ ಪಾಯಿಂಟರನ್ನೇ ಕೊಡುತ್ತಿತ್ತು. ಅದು ಆಬ್ಜೆಕ್ಟ್‌ಗಳನ್ನು ಸರಿಸುತ್ತಿರಲಿಲ್ಲ, ಹಾಗಾಗಿ ತಪ್ಪು ಕೋಡ್ ಕೂಡ ನಡೆದುಹೋಗುತ್ತಿತ್ತು. 2011ರಲ್ಲಿ ಬಂದ ಆಂಡ್ರಾಯ್ಡ್ 4.0 ಇದನ್ನು ಬದಲಾಯಿಸಿತು. ಅಲ್ಲಿಯವರೆಗೆ ಸುಮ್ನೆ ನಡೆಯುತ್ತಿದ್ದ ಎಷ್ಟೋ ತಪ್ಪುಗಳು ಆಗ ಬಯಲಿಗೆ ಬಂದವು.

ಟೇಬಲ್ ಇರುವುದರಿಂದ ಎರಡು ಜೆಆಬ್ಜೆಕ್ಟ್‌ಗಳನ್ನು ಸಮ ಚಿಹ್ನೆ ಹಾಕಿ ಹೋಲಿಸಬೇಡಿ. ಒಂದೇ ಆಬ್ಜೆಕ್ಟ್‌ಗೆ ಎರಡು ಬೇರೆ ಸ್ಲಾಟ್ ಇರಬಹುದು. ಈಸ್‌ಸೇಮ್‌ಆಬ್ಜೆಕ್ಟ್ ಇರುವುದು ಇದಕ್ಕೇ. ಅದೇ ಕಾರಣಕ್ಕೆ ಜೆಆಬ್ಜೆಕ್ಟ್ ಬೆಲೆಯನ್ನು ಮ್ಯಾಪ್‌ನ ಕೀ ಮಾಡಿಕೊಳ್ಳಲೂ ಹೋಗಬೇಡಿ.

ಲೋಕಲ್ ರೆಫರೆನ್ಸ್: ಆ ಕಾಲ್ ಮುಗಿಯುವ ತನಕ ಮಾತ್ರ

ನಿಮ್ಮ ಫಂಕ್ಷನ್‌ಗೆ ಆರ್ಗ್ಯುಮೆಂಟ್ ಆಗಿ ಬಂದ ಪ್ರತಿ ಆಬ್ಜೆಕ್ಟೂ ಲೋಕಲ್ ರೆಫರೆನ್ಸ್. ಫೈಂಡ್‌ಕ್ಲಾಸ್, ನ್ಯೂಸ್ಟ್ರಿಂಗ್‌ಯುಟಿಎಫ್, ಗೆಟ್‌ಆಬ್ಜೆಕ್ಟ್‌ಕ್ಲಾಸ್, ಕಾಲ್‌ಆಬ್ಜೆಕ್ಟ್‌ಮೆಥಡ್ ಕೊಡುವುದೂ ಲೋಕಲ್ಲೇ. ಸುಲಭದ ಲೆಕ್ಕ ಇಷ್ಟು: ಜೆಎನ್‌ಐ ಫಂಕ್ಷನ್ ಒಂದು ಆಬ್ಜೆಕ್ಟ್ ವಾಪಸ್ ಕೊಟ್ಟರೆ ಅದು ಲೋಕಲ್. ಗ್ಲೋಬಲ್ ಬೇಕು ಅಂತ ನೀವೇ ಕೇಳಿದ್ದರೆ ಮಾತ್ರ ಬೇರೆ.

ಲೋಕಲ್‌ಗೆ ಎರಡು ಕಟ್ಟುಪಾಡು. ಹುಟ್ಟಿದ ಥ್ರೆಡ್‌ನಲ್ಲೇ ಬಳಸಬೇಕು. ನೇಟಿವ್ ಫಂಕ್ಷನ್ ಜಾವಾಗೆ ವಾಪಸ್ ಹೋದ ತಕ್ಷಣ ಅದರ ಕಥೆ ಮುಗಿಯಿತು, ವಿಎಂ ತಾನೇ ಬಿಡುತ್ತದೆ. ಹತ್ತು ಹದಿನೈದು ಸಾಲಿನ ಸಾದಾ ಫಂಕ್ಷನ್ ಆಗಿದ್ದರೆ ನೀವು ಏನೂ ಮಾಡಬೇಕಿಲ್ಲ. ಪ್ರತಿ ಲೋಕಲ್‌ಗೂ ಭಯಭಕ್ತಿಯಿಂದ ಡಿಲೀಟ್‌ಲೋಕಲ್‌ರೆಫ್ ಬರೆದ ಕೋಡ್ ಕಂಡರೆ ನನಗೆ ಬೇಸರವೇ ಆಗುತ್ತದೆ. ಓದುವವರಿಗೆ ಅಸಲಿ ಕೆಲಸವೇ ಕಾಣುವುದಿಲ್ಲ.

ಎಲ್ಲರೂ ಬೀಳುವ ಹಳ್ಳ ಬೇರೆ ಇದೆ. ಫೈಂಡ್‌ಕ್ಲಾಸ್ ನಿಧಾನ, ಪ್ರತಿ ಸಲ ಕರೆಯುವುದು ಬೇಡ ಅಂತ ಒಬ್ಬರು ಅದರ ಫಲಿತಾಂಶವನ್ನು ಸ್ಟಾಟಿಕ್ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ಮೊದಲನೇ ಕಾಲ್ ಸರಿಯಾಗಿ ನಡೆಯುತ್ತದೆ, ಟೆಸ್ಟ್ ಪಾಸ್. ಆದರೆ ಫೈಂಡ್‌ಕ್ಲಾಸ್ ಕೊಡುವ ಜೆಕ್ಲಾಸ್ ಕೂಡ ಆಬ್ಜೆಕ್ಟ್ ರೆಫರೆನ್ಸೇ, ಅದೂ ಲೋಕಲ್. ಮೊದಲ ಕಾಲ್ ಮುಗಿದಾಗ ಹಾಟ್‌ಸ್ಪಾಟ್ ಆ ಸ್ಲಾಟನ್ನು ಖಾಲಿ ಅಂತ ಗುರುತು ಹಾಕುತ್ತದೆ. ಅದೇ ಥ್ರೆಡ್‌ನ ಮುಂದಿನ ನೇಟಿವ್ ಕಾಲ್‌ನಲ್ಲಿ ಅದೇ ಸ್ಲಾಟ್‌ಗೆ ಬೇರೆ ಏನೋ ಬಂದು ಕೂರಬಹುದು, ಒಂದು ಸ್ಟ್ರಿಂಗ್ ಅಂತಲೇ ಇಟ್ಟುಕೊಳ್ಳಿ. ನಿಮ್ಮ ಸ್ಟಾಟಿಕ್ ವೇರಿಯಬಲ್ ಈಗ ತೋರಿಸುವುದು ಆ ಸ್ಟ್ರಿಂಗನ್ನು. ಅದನ್ನು ಕ್ಲಾಸ್ ಅಂತ ನಂಬಿ ಮೆಥಡ್ ಕರೆದರೆ ಕ್ರ್ಯಾಶ್ ಆಗುವುದು ಇನ್ನೆಲ್ಲೋ. ಸ್ಟ್ಯಾಕ್ ಟ್ರೇಸ್ ನೋಡಿದವರು ವಿಎಂ ಮೇಲೆ ಅನುಮಾನ ಪಡುತ್ತಾರೆ.

ಆಂಡ್ರಾಯ್ಡ್‌ನ ಈಗಿನ ವಿಎಂ ಎಆರ್‌ಟಿ ಈ ವಿಷಯದಲ್ಲಿ ಸ್ವಲ್ಪ ಕರುಣೆ ತೋರಿಸುತ್ತದೆ. ಬಹಳಷ್ಟು ಆವೃತ್ತಿಗಳಲ್ಲಿ ಅದು ರೆಫರೆನ್ಸ್ ಬೆಲೆಯ ಒಳಗೇ ಯಾವ ಬಗೆ, ಎಷ್ಟನೇ ಸ್ಲಾಟ್, ಆ ಸ್ಲಾಟ್‌ನ ಸರಣಿ ಸಂಖ್ಯೆ ಎಷ್ಟು ಅಂತ ಸೇರಿಸಿರುತ್ತದೆ. ಸ್ಲಾಟ್ ಮರುಬಳಕೆಯಾದರೆ ಸರಣಿ ಸಂಖ್ಯೆ ಬದಲಾಗುತ್ತದೆ. ಹಾಗಾಗಿ ಹಳಸಿದ ರೆಫರೆನ್ಸ್ ತಂದುಕೊಟ್ಟರೆ ಬಹಳಷ್ಟು ಸಲ ಅಲ್ಲೇ ಹಿಡಿದು, ಇದು ಆ್ಯಪ್‌ನ ಬಗ್ ಅಂತ ಲಾಗ್‌ನಲ್ಲಿ ನೇರವಾಗಿ ಬರೆದು ನಿಲ್ಲಿಸುತ್ತದೆ.

ಲೂಪ್ ಬಂದರೆ ಫ್ರೇಮ್ ಹಾಕಿ

ಲೋಕಲ್ ತಾನೇ ಹೋಗುತ್ತದೆ ಅಂದೆ. ಆದರೆ ಹೋಗುವುದು ಫಂಕ್ಷನ್ ಮುಗಿದಾಗ, ಲೂಪ್‌ನ ಒಂದು ಸುತ್ತು ಮುಗಿದಾಗ ಅಲ್ಲ. ಹತ್ತು ಸಾವಿರ ಸ್ಟ್ರಿಂಗ್ ಇರುವ ಅರೇ ಬಂದಿದೆ ಅಂದುಕೊಳ್ಳಿ. ಪ್ರತಿ ಸುತ್ತಿನಲ್ಲೂ ಗೆಟ್‌ಆಬ್ಜೆಕ್ಟ್‌ಅರೇಎಲಿಮೆಂಟ್ ಒಂದು ಸ್ಲಾಟ್ ತೆಗೆದುಕೊಳ್ಳುತ್ತದೆ. ಅದರ ಮೇಲೆ ಒಂದು ಮೆಥಡ್ ಕರೆದು ಇನ್ನೊಂದು ಆಬ್ಜೆಕ್ಟ್ ಪಡೆದರೆ ಮತ್ತೊಂದು ಸ್ಲಾಟ್. ಲೂಪ್ ಮುಗಿಯುವಾಗ ಇಪ್ಪತ್ತು ಸಾವಿರ ಸ್ಲಾಟ್ ತುಂಬಿರುತ್ತವೆ.

ಜೆಎನ್‌ಐ ನಿಯಮದ ಪ್ರಕಾರ ವಿಎಂ ಖಾತರಿ ಕೊಡುವುದು 16 ಲೋಕಲ್‌ಗೆ ಮಾತ್ರ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಎನ್‌ಶೂರ್‌ಲೋಕಲ್‌ಕೆಪಾಸಿಟಿ ಕರೆದು ಮೊದಲೇ ಕೇಳಬೇಕು. ನಿಜದಲ್ಲಿ ಹಾಟ್‌ಸ್ಪಾಟ್ ಉದಾರ. 32 ಸ್ಲಾಟ್‌ನ ಬ್ಲಾಕ್‌ಗಳನ್ನು ಒಂದಕ್ಕೊಂದು ಜೋಡಿಸುತ್ತಾ ಹೋಗುತ್ತದೆ, ಬೈಯುವುದಿಲ್ಲ. ಆಂಡ್ರಾಯ್ಡ್ 8.0ಗಿಂತ ಹಿಂದಿನ ಆವೃತ್ತಿಗಳಲ್ಲಿ ಮಿತಿ 512, ದಾಟಿದರೆ ಆ್ಯಪ್ ಅಲ್ಲೇ ಬೀಳುತ್ತದೆ. 8.0ರಿಂದ ಆ ಮಿತಿ ತೆಗೆದಿದ್ದಾರೆ. ಮಿತಿ ಇಲ್ಲ ಅಂತ ಸುಮ್ಮನಿರುವಂತಿಲ್ಲ. ಪ್ರತಿ ಸ್ಲಾಟೂ ಒಂದು ಆಬ್ಜೆಕ್ಟನ್ನು ಹಿಡಿದಿಟ್ಟಿರುತ್ತದೆ, ಪ್ರತಿ ಸಲವೂ ಕಲೆಕ್ಟರ್ ಅವಷ್ಟನ್ನೂ ನೋಡಬೇಕು.

ಸುತ್ತಿನಲ್ಲಿ ಒಂದೇ ರೆಫರೆನ್ಸ್ ಹುಟ್ಟುತ್ತಿದ್ದರೆ ಕೊನೆಯಲ್ಲಿ ಡಿಲೀಟ್‌ಲೋಕಲ್‌ರೆಫ್ ಹಾಕಿದರೆ ಸಾಕು. ಎರಡು ಮೂರು ಹುಟ್ಟುತ್ತಿದ್ದು, ನಡುವೆ ಕಂಟಿನ್ಯೂ, ಬ್ರೇಕ್ ಎಲ್ಲ ಇದ್ದರೆ ಹೀಗೆ ಮಾಡಿ:

1. ಸುತ್ತು ಶುರುವಾದ ಕೂಡಲೇ ಪುಶ್‌ಲೋಕಲ್‌ಫ್ರೇಮ್ ಕರೆಯಿರಿ, ಎಷ್ಟು ರೆಫರೆನ್ಸ್ ಬೇಕಾಗಬಹುದು ಅಂತ ಸಂಖ್ಯೆ ಕೊಡಿ. ಸೊನ್ನೆಗಿಂತ ಕಡಿಮೆ ಬೆಲೆ ಬಂದರೆ ಮೆಮೊರಿ ಸಿಕ್ಕಿಲ್ಲ ಅಂತ ಅರ್ಥ, ಅಲ್ಲಿಂದ ಹೊರಗೆ ಬನ್ನಿ.
2. ಕೆಲಸವನ್ನೆಲ್ಲ ಒಂದು ಚಿಕ್ಕ ಬೇರೆ ಫಂಕ್ಷನ್‌ನಲ್ಲಿ ಮಾಡಿ. ಅದು ಎಲ್ಲಿಂದ ರಿಟರ್ನ್ ಆದರೂ ಪರವಾಗಿಲ್ಲ.
3. ಅದು ವಾಪಸ್ ಬಂದ ಮೇಲೆ ಪಾಪ್‌ಲೋಕಲ್‌ಫ್ರೇಮ್. ಫ್ರೇಮ್ ಒಳಗೆ ಹುಟ್ಟಿದ್ದೆಲ್ಲ ಒಂದೇ ಏಟಿಗೆ ಹೋಗುತ್ತದೆ. ಒಂದು ಆಬ್ಜೆಕ್ಟ್ ಮಾತ್ರ ಉಳಿಯಬೇಕಿದ್ದರೆ ಅದನ್ನು ಪಾಪ್‌ಗೆ ಕೊಡಿ, ಹೊರಗಿನ ಫ್ರೇಮ್‌ನಲ್ಲಿ ಹೊಸ ರೆಫರೆನ್ಸ್ ಮಾಡಿ ವಾಪಸ್ ಕೊಡುತ್ತದೆ. ಹಳೆಯದನ್ನು ಮತ್ತೆ ಮುಟ್ಟಬೇಡಿ.

ಎರಡನೇ ಹೆಜ್ಜೆಯೇ ಮುಖ್ಯ. ಪುಶ್ ಪಾಪ್ ಎರಡೂ ಒಂದೇ ಜಾಗದಲ್ಲಿ ಕಾಣುವಂತೆ ಇಟ್ಟರೆ ಪಾಪ್ ಮರೆಯುವ ಪ್ರಶ್ನೆ ಬರುವುದಿಲ್ಲ. ಸಿ++ ಬಳಸುವವರು ಡಿಸ್ಟ್ರಕ್ಟರ್‌ನಲ್ಲಿ ಬಿಡುವ ಚಿಕ್ಕ ರ‍್ಯಾಪರ್ ಕ್ಲಾಸ್ ಬರೆದುಕೊಳ್ಳಿ. ಆಂಡ್ರಾಯ್ಡ್‌ನ ಸ್ವಂತ ಕೋಡ್‌ನಲ್ಲೂ ಸ್ಕೋಪ್ಡ್‌ಲೋಕಲ್‌ರೆಫ್ ಅನ್ನುವ ಹೆಸರಿನಲ್ಲಿ ಅದೇ ಇದೆ.

ಲೂಪ್ ಇಲ್ಲದೆಯೂ ಕೈಯಾರೆ ಬಿಡಬೇಕಾದ ಸಂದರ್ಭ ಒಂದಿದೆ. ದೊಡ್ಡ ಆಬ್ಜೆಕ್ಟ್‌ನಿಂದ ಡೇಟಾ ತೆಗೆದುಕೊಂಡಾಯಿತು, ಇನ್ನು ಹತ್ತು ನಿಮಿಷ ನೇಟಿವ್ ಲೆಕ್ಕಾಚಾರ ಮಾತ್ರ ಬಾಕಿ. ಆ ಹತ್ತು ನಿಮಿಷವೂ ಆಬ್ಜೆಕ್ಟ್ ಹೀಪ್‌ನಲ್ಲಿ ಕೂತಿರುತ್ತದೆ. ಲೆಕ್ಕಾಚಾರ ಶುರು ಮಾಡುವ ಮೊದಲೇ ಬಿಟ್ಟುಬಿಡಿ.

ಉಳಿಸಿಕೊಳ್ಳಬೇಕಾದರೆ ಗ್ಲೋಬಲ್

ಕಾಲ್ ಮುಗಿದ ಮೇಲೂ ಬೇಕು ಅಥವಾ ಬೇರೆ ಥ್ರೆಡ್‌ನಲ್ಲಿ ಬೇಕು ಅಂದರೆ ನ್ಯೂಗ್ಲೋಬಲ್‌ರೆಫ್. ಡಿಲೀಟ್‌ಗ್ಲೋಬಲ್‌ರೆಫ್ ಕರೆಯುವವರೆಗೂ ಆಬ್ಜೆಕ್ಟ್ ಅಲ್ಲಾಡುವುದಿಲ್ಲ ಅಂತಲ್ಲ, ಜಾಗ ಬದಲಾಯಿಸಬಹುದು, ಆದರೆ ಸಾಯುವುದಿಲ್ಲ. ನ್ಯೂಗ್ಲೋಬಲ್‌ರೆಫ್‌ಗೆ ಕೊಟ್ಟ ಲೋಕಲ್ ಲೋಕಲ್ಲಾಗೇ ಉಳಿಯುತ್ತದೆ. ವಾಪಸ್ ಬಂದದ್ದು ಮಾತ್ರ ಗ್ಲೋಬಲ್. ಹಳೆಯದನ್ನೇ ಸ್ಟಾಟಿಕ್‌ನಲ್ಲಿ ಇಟ್ಟು ಹೊಸದನ್ನು ಎಸೆದ ಕೋಡ್ ಕೂಡ ಸಿಗುತ್ತದೆ!

ಕ್ಲಾಸ್‌ಗಳನ್ನು ಹಿಡಿದಿಟ್ಟುಕೊಳ್ಳಲು ಸರಿಯಾದ ಜಾಗ ಜೆಎನ್‌ಐ_ಆನ್‌ಲೋಡ್. ಲೈಬ್ರರಿ ಲೋಡ್ ಆಗುವಾಗ ಒಮ್ಮೆ ಓಡುತ್ತದೆ. ಅಲ್ಲಿ ಫೈಂಡ್‌ಕ್ಲಾಸ್ ಮಾಡಿ, ಗ್ಲೋಬಲ್ ಮಾಡಿಟ್ಟು, ಲೋಕಲ್ ಬಿಡಿ. ಬೇಕಾದ ಮೆಥಡ್ ಐಡಿ, ಫೀಲ್ಡ್ ಐಡಿಗಳನ್ನೂ ಅಲ್ಲೇ ತೆಗೆದುಕೊಳ್ಳಿ. ಈ ಐಡಿಗಳು ಆಬ್ಜೆಕ್ಟ್ ರೆಫರೆನ್ಸ್ ಅಲ್ಲ. ಅವನ್ನು ನ್ಯೂಗ್ಲೋಬಲ್‌ರೆಫ್‌ಗೆ ಕೊಡಬಾರದು, ಬಿಡಬೇಕಾಗಿಯೂ ಇಲ್ಲ. ಕ್ಲಾಸ್ ಅನ್‌ಲೋಡ್ ಆಗುವವರೆಗೆ ಅವು ನಡೆಯುತ್ತವೆ, ನಿಮ್ಮ ಗ್ಲೋಬಲ್ ಇರುವವರೆಗೆ ಕ್ಲಾಸ್ ಅನ್‌ಲೋಡ್ ಆಗುವುದಿಲ್ಲ.

ಗ್ಲೋಬಲ್‌ನ ಬಳಕೆ ಸುಲಭ, ಅದೇ ಅದರ ಅಪಾಯ. ಯಾವ ಥ್ರೆಡ್‌ನಲ್ಲಾದರೂ ನಡೆಯುತ್ತದೆ, ಯಾವಾಗಲೂ ನಡೆಯುತ್ತದೆ, ಬಿಡುವುದು ಮರೆತರೆ ಯಾರೂ ನೆನಪಿಸುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಗ್ಲೋಬಲ್ ಟೇಬಲ್‌ನ ಮಿತಿ 51200. ದಿನಗಟ್ಟಲೆ ಓಡಿದ ಆ್ಯಪ್ ಇದ್ದಕ್ಕಿದ್ದಂತೆ ಬಿದ್ದರೆ, ಲಾಗ್‌ನಲ್ಲಿ ಈ ಸಂಖ್ಯೆ ಇದೆಯಾ ಅಂತ ಮೊದಲು ನೋಡಿ.

ನೇಟಿವ್ ಥ್ರೆಡ್‌ಗಳ ವಿಷಯ

ನೀವೇ ಶುರು ಮಾಡಿದ ಥ್ರೆಡ್‌ನಿಂದ ಜಾವಾ ಕರೆಯಬೇಕಾದರೆ ಅಟ್ಯಾಚ್‌ಕರೆಂಟ್‌ಥ್ರೆಡ್ ಕರೆದು ಅದನ್ನು ವಿಎಂಗೆ ಜೋಡಿಸಬೇಕು. ಜೆಎನ್‌ಐ ಫಂಕ್ಷನ್‌ಗಳನ್ನು ಕರೆಯಲು ಬಳಸುವ ಜೆಎನ್‌ಐಎನ್ವ್ ಪಾಯಿಂಟರ್ ಆಯಾ ಥ್ರೆಡ್‌ನದು, ಒಂದರದ್ದು ಇನ್ನೊಂದಕ್ಕೆ ಕೊಡುವಂತಿಲ್ಲ. ಹಂಚಿಕೊಳ್ಳಬಹುದಾದದ್ದು ಜಾವಾವಿಎಂ ಪಾಯಿಂಟರ್ ಮಾತ್ರ. ಅದನ್ನು ಇಟ್ಟುಕೊಂಡು ಬೇಕಾದಾಗ ಗೆಟ್‌ಎನ್ವ್ ಕರೆಯಿರಿ.

ಇಲ್ಲೊಂದು ಗಮನಿಸಬೇಕಾದ ವಿಷಯ. ಲೋಕಲ್‌ಗಳು ಹೋಗುವುದು ನೇಟಿವ್ ಫಂಕ್ಷನ್ ಜಾವಾಗೆ ವಾಪಸ್ ಹೋದಾಗ. ಆದರೆ ಈ ಥ್ರೆಡ್ ಜಾವಾದಿಂದ ಬಂದೇ ಇಲ್ಲ, ವಾಪಸ್ ಹೋಗುವುದೆಲ್ಲಿಗೆ? ಡಿಟ್ಯಾಚ್ ಆಗುವವರೆಗೂ ಅದರ ಲೋಕಲ್‌ಗಳು ಹಾಗೇ ಸೇರುತ್ತಾ ಹೋಗುತ್ತವೆ. ನೆಟ್‌ವರ್ಕ್ ಅಥವಾ ಆಡಿಯೊ ಥ್ರೆಡ್ ಅಂದರೆ ಪ್ರೋಗ್ರಾಮ್ ಮುಗಿಯುವವರೆಗೆ ಡಿಟ್ಯಾಚ್ ಇಲ್ಲ. ಹೆಸರಿಗೆ ಲೋಕಲ್, ನಡೆಯುವುದು ಲೀಕ್. ಇಂಥ ಥ್ರೆಡ್‌ನ ಪ್ರತಿ ಈವೆಂಟ್‌ಗೂ ಮೇಲೆ ಹೇಳಿದ ಪುಶ್ ಪಾಪ್ ಕಡ್ಡಾಯ. ಜಾವಾ ವಿಎಂಅನ್ನು ನಿಮ್ಮ ಸಿ ಪ್ರೋಗ್ರಾಮ್ ಒಳಗೇ ಶುರು ಮಾಡಿದ್ದರೆ ಮೇನ್ ಥ್ರೆಡ್‌ಗೂ ಇದೇ ಮಾತು.

ಇಂಥ ಥ್ರೆಡ್‌ನಲ್ಲಿ ಫೈಂಡ್‌ಕ್ಲಾಸ್ ಸಿಸ್ಟಮ್ ಕ್ಲಾಸ್ ಲೋಡರ್‌ನಲ್ಲಿ ಹುಡುಕುತ್ತದೆ. ಆಂಡ್ರಾಯ್ಡ್ ಆ್ಯಪ್‌ನ ನಿಮ್ಮ ಸ್ವಂತ ಕ್ಲಾಸ್ ಅಲ್ಲಿ ಸಿಗುವುದಿಲ್ಲ. ಆನ್‌ಲೋಡ್‌ನಲ್ಲೇ ತೆಗೆದಿಟ್ಟುಕೊಳ್ಳಿ ಅಂದದ್ದು ಇದಕ್ಕೂ ಸೇರಿ.

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡರೆ

ಎಲ್ಲಕ್ಕಿಂತ ಜಾಸ್ತಿ ಗೋಳು ಹೊಯ್ದುಕೊಳ್ಳುವ ಲೀಕ್ ಇದು. ಜಾವಾದಲ್ಲಿ ಒಂದು ಪ್ಲೇಯರ್ ಆಬ್ಜೆಕ್ಟ್. ಅದರ ಲಾಂಗ್ ಫೀಲ್ಡ್‌ನಲ್ಲಿ ನೇಟಿವ್ ಸ್ಟ್ರಕ್ಟ್‌ನ ವಿಳಾಸ. ಹಾಡು ಮುಗಿದಾಗ ಪ್ಲೇಯರ್‌ಗೆ ತಿಳಿಸಬೇಕು, ಅದಕ್ಕೆ ನೇಟಿವ್ ಸ್ಟ್ರಕ್ಟ್ ಒಳಗೆ ಪ್ಲೇಯರ್‌ಗೆ ಗ್ಲೋಬಲ್ ರೆಫರೆನ್ಸ್. ಪ್ಲೇಯರ್ ಗಾರ್ಬೇಜ್ ಆದಾಗ ಕ್ಲೀನರ್ (ಆಬ್ಜೆಕ್ಟ್ ಹೋದಾಗ ಓಡುವ ಜಾವಾ ಕೋಡ್) ಓಡಿ ಸ್ಟ್ರಕ್ಟನ್ನು ಫ್ರೀ ಮಾಡುತ್ತದೆ, ಅದರ ಜೊತೆ ಗ್ಲೋಬಲ್ಲೂ ಹೋಗುತ್ತದೆ ಅನ್ನುವುದು ಲೆಕ್ಕ. ಚೆನ್ನಾಗಿದೆ ಅಲ್ವಾ?

ಆದರೆ ಗ್ಲೋಬಲ್ ಇರುವವರೆಗೆ ಪ್ಲೇಯರ್ ಗಾರ್ಬೇಜ್ ಆಗುವುದೇ ಇಲ್ಲ. ಅದು ಗಾರ್ಬೇಜ್ ಆಗದೆ ಕ್ಲೀನರ್ ಓಡುವುದಿಲ್ಲ. ಕ್ಲೀನರ್ ಓಡದೆ ಗ್ಲೋಬಲ್ ಹೋಗುವುದಿಲ್ಲ. ಎರಡೂ ಕಡೆ ಜಾವಾ ಆಬ್ಜೆಕ್ಟ್ ಆಗಿದ್ದರೆ ಇಂಥ ಸುತ್ತನ್ನು ಕಲೆಕ್ಟರ್ ತಾನೇ ಬಿಡಿಸುತ್ತಿತ್ತು. ಇಲ್ಲಿ ಅರ್ಧ ಸುತ್ತು ನೇಟಿವ್ ಮೆಮೊರಿಯಲ್ಲಿದೆ, ಕಲೆಕ್ಟರ್‌ಗೆ ಅದು ಕಾಣಿಸುವುದಿಲ್ಲ.

ಕ್ಲೋಸ್ ಅಂತ ಒಂದು ಮೆಥಡ್ ಇಟ್ಟು, ಬಳಸುವವರು ಅದನ್ನು ಕರೆದೇ ಕರೆಯುತ್ತಾರೆ ಅನ್ನುವ ನಂಬಿಕೆ ಇದ್ದರೆ ಗ್ಲೋಬಲ್ ಸಾಕು. ಇಲ್ಲದಿದ್ದರೆ ನ್ಯೂವೀಕ್‌ಗ್ಲೋಬಲ್‌ರೆಫ್ ಬಳಸಿ. ಇದು ಆಬ್ಜೆಕ್ಟನ್ನು ಹಿಡಿದಿಡುವುದಿಲ್ಲ, ಇದ್ದರೆ ಕೊಡುತ್ತದೆ. ಕಾಲ್‌ಬ್ಯಾಕ್ ಮಾಡುವಾಗ ಕ್ರಮ ಹೀಗಿರಲಿ: ಮೊದಲು ವೀಕ್ ರೆಫರೆನ್ಸ್ ಕೊಟ್ಟು ನ್ಯೂಲೋಕಲ್‌ರೆಫ್ ಕರೆಯಿರಿ. ನಲ್ ಬಂದರೆ ಆಬ್ಜೆಕ್ಟ್ ಹೋಗಿದೆ, ಸುಮ್ಮನೆ ಹಿಂತಿರುಗಿ. ಲೋಕಲ್ ಸಿಕ್ಕರೆ ಮೆಥಡ್ ಕರೆದು ಲೋಕಲ್ ಬಿಡಿ.

ಈಸ್‌ಸೇಮ್‌ಆಬ್ಜೆಕ್ಟ್‌ನಿಂದ ನಲ್ ಹೌದಾ ಅಲ್ಲವಾ ಅಂತ ನೋಡಿ, ಆಮೇಲೆ ವೀಕನ್ನೇ ನೇರವಾಗಿ ಬಳಸುವವರಿದ್ದಾರೆ. ನೋಡುವುದಕ್ಕೂ ಬಳಸುವುದಕ್ಕೂ ನಡುವೆ ಕಲೆಕ್ಟರ್ ಬಂದು ಹೋದರೆ? ಮೊದಲು ಲೋಕಲ್ ಮಾಡಿಕೊಂಡರೆ ಆ ಸಂದು ಇರುವುದಿಲ್ಲ. ಇನ್ನೊಂದು, ಆಬ್ಜೆಕ್ಟ್ ಹೋದರೂ ವೀಕ್‌ನ ಸ್ಲಾಟ್ ಉಳಿದಿರುತ್ತದೆ. ಡಿಲೀಟ್‌ವೀಕ್‌ಗ್ಲೋಬಲ್‌ರೆಫ್ ನಿಮ್ಮದೇ ಕೆಲಸ.

ಸ್ಟ್ರಿಂಗ್, ಅರೇ, ಎಕ್ಸೆಪ್ಶನ್

ಗೆಟ್‌ಸ್ಟ್ರಿಂಗ್‌ಯುಟಿಎಫ್‌ಕ್ಯಾರ್ಸ್ ಕೊಡುವುದು ರೆಫರೆನ್ಸ್ ಅಲ್ಲ, ನಿಜವಾದ ಪಾಯಿಂಟರ್. ಕಾಲ್ ಮುಗಿದರೂ ಅದು ತಾನಾಗಿ ಹೋಗುವುದಿಲ್ಲ, ರಿಲೀಸ್ ಮಾಡಲೇಬೇಕು. ಅರೇಗೂ ಅಷ್ಟೇ. ಕ್ರಿಟಿಕಲ್ ಅಂತ ಹೆಸರಿರುವ ಜೋಡಿಯನ್ನು ಬಳಸಿದರೆ ವಿಎಂ ಸಾಧ್ಯವಾದಷ್ಟು ಕಾಪಿ ಮಾಡದೆ ಹೀಪ್‌ನ ಜಾಗವನ್ನೇ ಕೊಡುತ್ತದೆ. ಅದಕ್ಕಾಗಿ ಹಾಟ್‌ಸ್ಪಾಟ್‌ನ ಜಿ1 ಅನ್ನುವ ಕಲೆಕ್ಟರ್ ಕೆಲಸವನ್ನೇ ನಿಲ್ಲಿಸಿ ಕಾಯುತ್ತಿತ್ತು. 2024ರ ಜಾವಾ 22ರಿಂದ ಆ ಭಾಗವನ್ನಷ್ಟೇ ಸರಿಸದೆ ಬಿಟ್ಟು ಮುಂದುವರಿಯುತ್ತದೆ. ಆದರೂ ಗೆಟ್ ಮತ್ತು ರಿಲೀಸ್ ನಡುವೆ ಬೇರೆ ಜೆಎನ್‌ಐ ಕಾಲ್ ಮಾಡಬೇಡಿ, ಯಾವುದಕ್ಕೂ ಕಾದು ಕೂರಬೇಡಿ.

ಎಕ್ಸೆಪ್ಶನ್ ಬಾಕಿ ಇರುವಾಗ ಹೆಚ್ಚಿನ ಜೆಎನ್‌ಐ ಫಂಕ್ಷನ್ ಕರೆಯುವಂತಿಲ್ಲ. ಬಿಡುವ ಕೆಲಸದವನ್ನು, ಅಂದರೆ ಡಿಲೀಟ್, ರಿಲೀಸ್, ಪಾಪ್‌ಗಳನ್ನು, ಧಾರಾಳವಾಗಿ ಕರೆಯಬಹುದು. ಹಾಗಾಗಿ ಎಕ್ಸೆಪ್ಶನ್ ಬಂತು ಅಂತ ಏನೂ ಬಿಡದೆ ಓಡಿಬರುವುದಕ್ಕೆ ನೆಪ ಇಲ್ಲ.

ಬೇರೆ ವಿಎಂಗಳಲ್ಲಿ

ಕ್ರೋಮ್‌ನ ಜಾವಾಸ್ಕ್ರಿಪ್ಟ್ ಎಂಜಿನ್ ವಿ8ನಲ್ಲೂ ಹೆಚ್ಚುಕಮ್ಮಿ ಇದೇ ಏರ್ಪಾಡು. ಹ್ಯಾಂಡಲ್‌ಸ್ಕೋಪ್ ಒಳಗೆ ಲೋಕಲ್‌ಗಳು, ಸ್ಕೋಪ್ ಮುಗಿದರೆ ಅವೂ ಮುಗಿದವು. ಒಂದನ್ನು ಹೊರಗೆ ಕಳಿಸಬೇಕಿದ್ದರೆ ಎಸ್ಕೇಪಬಲ್‌ಹ್ಯಾಂಡಲ್‌ಸ್ಕೋಪ್. ಉಳಿಸಿಕೊಳ್ಳಲು ಗ್ಲೋಬಲ್. ಲುವಾ ಭಾಷೆ ಜಾಣತನ ಮಾಡಿದೆ, ಟೇಬಲ್, ಫಂಕ್ಷನ್‌ನಂಥವನ್ನು ಸಿ ಕೋಡ್‌ನ ಕೈಗೆ ಕೊಡುವುದೇ ಇಲ್ಲ. ಎಲ್ಲ ಸ್ಟ್ಯಾಕ್‌ನಲ್ಲಿ ಎಷ್ಟನೆಯದು ಅನ್ನುವ ಸಂಖ್ಯೆಯಲ್ಲಿ ನಡೆಯುತ್ತದೆ, ಉಳಿಯಬೇಕಾದದ್ದು ರಿಜಿಸ್ಟ್ರಿಗೆ ಹೋಗುತ್ತದೆ. ಪೈಥಾನ್ ಭಾಷೆಯ ಮುಖ್ಯ ವಿಎಂ ಸಿಪೈಥಾನ್ ಆಬ್ಜೆಕ್ಟ್‌ಗಳನ್ನು ಸರಿಸುವುದಿಲ್ಲ, ನೇರ ಪಾಯಿಂಟರ್ ಕೊಟ್ಟು, ಎಷ್ಟು ಕಡೆ ಹಿಡಿದಿದ್ದಾರೆ ಅಂತ ಎಣಿಕೆ ಇಡುತ್ತದೆ. ಅಲ್ಲಿ ತಲೆನೋವು ಬೇರೆ: ಯಾವ ಫಂಕ್ಷನ್ ಕೊಟ್ಟದ್ದು ನಿಮ್ಮದು, ಯಾವುದು ಎರವಲು ಅಂತ ಒಂದೊಂದಕ್ಕೂ ನೆನಪಿಡಬೇಕು.

ಲೀಕ್ ಪತ್ತೆ ಹಚ್ಚುವುದು

ಅಭಿವೃದ್ಧಿಯ ಹಂತದಲ್ಲಿ ಚೆಕ್‌ಜೆಎನ್‌ಐ (ಜೆಎನ್‌ಐ ಬಳಕೆಯ ತಪ್ಪು ಹಿಡಿಯುವ ಸೌಲಭ್ಯ) ಯಾವಾಗಲೂ ಆನ್ ಇರಲಿ. ಡೆಸ್ಕ್‌ಟಾಪ್ ಜಾವಾದಲ್ಲಿ ಎಕ್ಸ್‌ಚೆಕ್ ಆಯ್ಕೆಗೆ ಜೆಎನ್‌ಐ ಅಂತ ಬೆಲೆ ಕೊಡುವುದು. ಕೇಳಿದ್ದಕ್ಕಿಂತ ಜಾಸ್ತಿ ಲೋಕಲ್ ಬಳಸಿದರೆ ಇದು ಎಚ್ಚರಿಸುತ್ತದೆ. ಆಂಡ್ರಾಯ್ಡ್ ಎಮ್ಯುಲೇಟರ್‌ನಲ್ಲಿ ಮೊದಲೇ ಆನ್ ಇರುತ್ತದೆ. ಪ್ರೋಗ್ರಾಮ್ ನಿಧಾನವಾಗುತ್ತದೆ, ಆಗಲಿ ಬಿಡಿ.

ಓಡುತ್ತಿರುವ ಸರ್ವರ್‌ನಲ್ಲಿ ಗ್ಲೋಬಲ್ ಲೀಕ್ ಇದೆಯಾ ಅಂತ ನೋಡಲು ಜಾವಾ ಜೊತೆ ಬರುವ ಜೆಸ್ಟ್ಯಾಕ್ ಟೂಲ್ ಸಾಕು. ಥ್ರೆಡ್‌ಗಳ ಪಟ್ಟಿಯನ್ನೆಲ್ಲ ಬಿಟ್ಟು ಕೊನೆಗೆ ಹೋಗಿ. ಜೆಎನ್‌ಐ ಗ್ಲೋಬಲ್ ಎಷ್ಟು, ವೀಕ್ ಎಷ್ಟು ಅಂತ ಒಂದು ಸಾಲು ಇರುತ್ತದೆ. ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಕೆಲಸ ಅಷ್ಟೇ ಇದ್ದು ಸಂಖ್ಯೆ ಮಾತ್ರ ಏರುತ್ತಲೇ ಇದ್ದರೆ ಲೀಕ್ ಇದೆ. ಆಗ ಹೀಪ್ ಡಂಪ್ (ಹೀಪ್‌ನ ನಕಲು) ತೆಗೆದು ಎಕ್ಲಿಪ್ಸ್ ಮೆಮೊರಿ ಅನಲೈಜರ್‌ನಲ್ಲಿ ತೆರೆಯಿರಿ. ಜಾಸ್ತಿ ಆಗಿರುವ ಕ್ಲಾಸ್‌ನ ಒಂದು ಆಬ್ಜೆಕ್ಟ್ ಹಿಡಿದು, ಅದರಿಂದ ಜಿಸಿ ರೂಟ್‌ವರೆಗಿನ (ಕಲೆಕ್ಟರ್ ಹುಡುಕಾಟ ಶುರು ಮಾಡುವ ಜಾಗ) ದಾರಿ ತೋರಿಸು ಅನ್ನಿ. ಕೊನೆಯಲ್ಲಿ ಜೆಎನ್‌ಐ ಗ್ಲೋಬಲ್ ಅಂತ ಬಂದರೆ ಕಳ್ಳ ನೇಟಿವ್ ಕಡೆಯವನು. ಡಂಪ್‌ನಲ್ಲಿ ಯಾವ ಸಿ ಸಾಲು ಅಂತ ಇರುವುದಿಲ್ಲ, ಕ್ಲಾಸ್‌ನ ಹೆಸರು ಮಾತ್ರ ಸಿಗುತ್ತದೆ. ಸಾಮಾನ್ಯವಾಗಿ ಅಷ್ಟೇ ಸಾಕು. ಕೋಡ್‌ನಲ್ಲಿ ನ್ಯೂಗ್ಲೋಬಲ್‌ರೆಫ್ ಹುಡುಕಿ, ಆ ಕ್ಲಾಸ್‌ನ ಆಬ್ಜೆಕ್ಟ್ ಹಾದುಹೋಗುವ ಜಾಗಗಳನ್ನು ಗುರುತು ಮಾಡಿ, ಪ್ರತಿಯೊಂದಕ್ಕೂ ಡಿಲೀಟ್ ಎಲ್ಲಿದೆ ಅಂತ ತೋರಿಸಿ. ಎರರ್ ಬಂದಾಗ ಮಧ್ಯದಲ್ಲೇ ರಿಟರ್ನ್ ಆಗುವ ದಾರಿಗಳಿಂದ ಶುರು ಮಾಡಿ, ಮರೆತ ಡಿಲೀಟ್ ಹೆಚ್ಚಾಗಿ ಸಿಗುವುದು ಅಲ್ಲೇ.